ಎಲೆ ಬಾಡಿದರೂ ಟೆನ್ಶಿಯೋಮೀಟರ್ ಸೊನ್ನೆ ತೋರಿಸುತ್ತಿದೆ: ದಾಳಿಂಬೆಗೆ ನೀರು ಬಿಡಬೇಕೇ, ಬೇಡವೇ?

ಪ್ರಶ್ನೆ:
ವಿಜಯಪುರ ಜಿಲ್ಲೆಯ ಎರೆಭೂಮಿಯಲ್ಲಿ ನನ್ನದು ಎರಡು ಎಕರೆ ಭಗವಾ ತಳಿಯ ದಾಳಿಂಬೆ. ಗಿಡಕ್ಕೆ ನಾಲ್ಕು ಡ್ರಿಪ್ಪರ್‌ಗಳಿದ್ದು, ಒಂದೊಂದೂ ಗಂಟೆಗೆ 4 ಲೀಟರ್ ನೀರು ಬಿಡುತ್ತದೆ. ಅಂದಾಜಿನ ಮೇಲೆ ನೀರು ಕೊಡುವುದನ್ನು ಬಿಡಬೇಕೆಂದು ಮಣ್ಣಿನ ತೇವದ ಸ್ಥಿತಿ ತೋರಿಸುವ ಟೆನ್ಶಿಯೋಮೀಟರನ್ನು 30 ಸೆಂ.ಮೀ. ಆಳದಲ್ಲಿ ಹೂಳಿದೆ. ಮೊದಲ ವಾರ ಅದರ ಮಾಪಕದ ಮುಳ್ಳು ನಿಧಾನವಾಗಿ ಏರಿ, ನೀರು ಬಿಟ್ಟ ಮೇಲೆ ಇಳಿಯುತ್ತಿತ್ತು. ನಡುವೆ ಮೋಟಾರು ಸುಟ್ಟು ಒಂಬತ್ತು ದಿನ ನೀರು ನಿಂತಿತು; ಆಮೇಲೆ ನೋಡಿದರೆ ಮುಳ್ಳು ಸೊನ್ನೆಯಲ್ಲಿತ್ತು. ಸೊನ್ನೆಯೆಂದರೆ ಮಣ್ಣು ತೊಯ್ದಿದೆ ಎಂದು ಕೈಪಿಡಿಯಲ್ಲಿದ್ದುದರಿಂದ, ಮೋಟಾರು ದುರಸ್ತಿಯಾದ ಮೇಲೂ ಮೂರು ದಿನ ನೀರು ಬಿಡಲಿಲ್ಲ. ಈಗ ಮಧ್ಯಾಹ್ನ ಇಡೀ ತೋಟದ ಎಲೆ ಜೋಲು ಬೀಳುತ್ತಿದೆ. ಇದು ಸೊರಗು ರೋಗವೇ?

ಉತ್ತರ:
ಸೊರಗು ರೋಗ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಎಲೆ ಹಳದಿಯಾಗುವುದರೊಂದಿಗೆ ಮೊದಲಾಗುತ್ತದೆ. ಇಡೀ ತೋಟ ಒಮ್ಮೆಲೇ ಬಾಡಿದ್ದರೆ ಮೊದಲು ನೀರಿನ ಕಡೆಗೇ ನೋಡಬೇಕು. ಡ್ರಿಪ್ಪರ್ ಪಕ್ಕದಲ್ಲಿ ಒಂದು ಗೇಣು ಅಗೆದು ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ. ಉಂಡೆಯಾಗದೆ ಹೆಂಟೆಯಾಗಿ ಒಡೆದರೆ ಮುಳ್ಳಿನ ಮಾತು ಸುಳ್ಳು.

ಟೆನ್ಶಿಯೋಮೀಟರ್ ಎಂದರೆ ಪಿಂಗಾಣಿ ತುದಿಯಿರುವ, ನೀರು ತುಂಬಿದ ಕೊಳವೆ. ಮಣ್ಣು ಒಣಗಿದಂತೆ ಆ ತುದಿಯ ಮೂಲಕ ಕೊಳವೆಯ ನೀರನ್ನು ಎಳೆಯುತ್ತದೆ, ಆ ಎಳೆತವನ್ನೇ ಮಾಪಕ ಸೆಂಟಿಬಾರ್ ಎಂಬ ಒತ್ತಡದ ಅಳತೆಯಲ್ಲಿ ತೋರಿಸುತ್ತದೆ. ಆದರೆ ಎಳೆತ ಸುಮಾರು 80 ದಾಟಿತೆಂದರೆ ಒಳಗೆ ಗಾಳಿ ಸೇರಿ ನೀರಿನ ಕಂಬ ಕಡಿದುಹೋಗುತ್ತದೆ, ಮುಳ್ಳು ಸೊನ್ನೆಗೆ ಮರಳುತ್ತದೆ. ಹೀಗಾಗಿ ತೀರ ಒಣಗಿದ ಮಣ್ಣಿಗೂ ತೊಯ್ದ ಮಣ್ಣಿಗೂ ಈ ಉಪಕರಣ ಒಂದೇ ಅಂಕಿ ಕೊಡಬಲ್ಲದು. ಕೈಪಿಡಿ ಬರೆದವರು ಇದನ್ನು ದಪ್ಪಕ್ಷರದಲ್ಲಿ ಹೇಳಬೇಕಿತ್ತು. ಕೊಳವೆಯಲ್ಲಿ ನೀರು ಎಷ್ಟು ಇಳಿದಿದೆ ನೋಡಿ.

ಉಪಕರಣವನ್ನು ಕಿತ್ತು, ತುದಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಕುದಿಸಿ ಆರಿಸಿದ ನೀರು ತುಂಬಿ, ಗಾಳಿ ಎಳೆಯುವ ಕೈಪಂಪಿನಿಂದ ಗುಳ್ಳೆಗಳನ್ನು ಹೊರಗೆಳೆಯಿರಿ. ಬಳಿಕ ತುದಿಯನ್ನು ಒರೆಸಿ ಗಾಳಿಗೆ ತೂಗುಹಾಕಿದಾಗ ಮುಳ್ಳು ಏರಬೇಕು, ಬಕೆಟ್ಟಿನ ನೀರಿನಲ್ಲಿ ಅದ್ದಿದಾಗ ಇಳಿಯಬೇಕು. ಏರದಿದ್ದರೆ ಮುಚ್ಚಳದ ರಬ್ಬರ್ ಉಂಗುರ ಸೋರುತ್ತಿರಬಹುದು, ಇಲ್ಲವೇ ತುದಿ ಬಿರುಕು ಬಿಟ್ಟಿರಬಹುದು.

ಮರುಪ್ರಶ್ನೆ:
ಕೊಳವೆ ಅರ್ಧ ಖಾಲಿಯಾಗಿತ್ತು, ಉಂಗುರವೂ ಸೀಳಿತ್ತು. ಬದಲಾಯಿಸಿದ ಮೇಲೆ ಗಾಳಿಯಲ್ಲಿ ಮುಳ್ಳು ಏರುತ್ತಿದೆ. ಆದರೆ ಹೂಳಿದ್ದ ಜಾಗದಲ್ಲಿ ಬೆರಳು ತೂರುವಷ್ಟು ಬಿರುಕಿದೆ. ಕಳೆದುಕೊಂಡ ನೀರನ್ನು ಒಂದೇ ದಿನ ಕೊಟ್ಟುಬಿಡಲೇ?

ಉತ್ತರ:
ಖಂಡಿತ ಬೇಡ. ಒಣಗಿದ ದಾಳಿಂಬೆಗೆ ಒಮ್ಮೆಲೇ ನೀರು ಸಿಕ್ಕರೆ ಬಲಿಯುತ್ತಿರುವ ಕಾಯಿಯ ಸಿಪ್ಪೆ ಸೀಳುತ್ತದೆ, ಬಿರುಕಿನ ಮೂಲಕ ನೀರೂ ಬೇರಿಗೆ ಸಿಗದೆ ಕೆಳಗಿಳಿಯುತ್ತದೆ. ನಿಮ್ಮ ಲೆಕ್ಕದಲ್ಲಿ ಗಂಟೆಗೆ ಗಿಡಕ್ಕೆ 16 ಲೀಟರ್ ಬೀಳುತ್ತದೆ. ನಾನಾದರೆ ಕೆಲವು ದಿನ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಿಟ್ಟು, ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಹದ ನೋಡಿ ಬದಲಾಯಿಸುತ್ತೇನೆ.

ಹಳೆಯ ಕುಳಿಯಲ್ಲಿ ಉಪಕರಣವನ್ನು ಮತ್ತೆ ಇಡಬೇಡಿ. ಡ್ರಿಪ್ಪರ್‌ನಿಂದ ಒಂದು ಗೇಣು ದೂರದಲ್ಲಿ, ಕೊಳವೆಯಷ್ಟೇ ದಪ್ಪದ ರಂಧ್ರ ಕೊರೆದು, ಅದೇ ಮಣ್ಣಿನ ರಾಡಿಯನ್ನು ಸುರಿದು ತುದಿಯನ್ನು ಒತ್ತಿ ಕೂರಿಸಿ, ಸುತ್ತ ಕಬ್ಬಿನ ರವದಿ (ಒಣ ಎಲೆ) ಹೊದಿಸಿ. ಎರೆಮಣ್ಣು ಮತ್ತೆ ಬಿರಿದು ತುದಿಯನ್ನು ಬಿಟ್ಟುಕೊಟ್ಟರೆ ಅಂಕಿ ಮತ್ತೆ ಕೆಡುತ್ತದೆ, ಆದ್ದರಿಂದ ಮುಳ್ಳು 40ರ ಆಸುಪಾಸಿಗೆ ಬಂದ ಕೂಡಲೇ ನೀರು ಬಿಡುವುದು ಕ್ಷೇಮ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ, ಮೋಟಾರು ಚಾಲೂ ಮಾಡುವ ಮುನ್ನ, ಅಂಕಿಯ ಜೊತೆ ಕೊಳವೆಯ ನೀರಿನ ಮಟ್ಟವನ್ನೂ ಬರೆದಿಡಿ.