ಒಂದೇ ಮಾತ್ರೆ, ಎರಡು ವಿಮರ್ಶೆ: ಯಾವುದನ್ನು ನಂಬುವುದು?

ಪ್ರಶ್ನೆ, ಉಡುಪಿಯಿಂದ:
ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ ಎಚ್1ಎನ್1 ಫ್ಲೂ ಬಂದಾಗ ಟ್ಯಾಮಿಫ್ಲೂ ಮಾತ್ರೆ ಕೊಟ್ಟಿದ್ದರು. ಈಗ ಹುಷಾರಾಗಿದ್ದಾರೆ. ಸುಮ್ನೆ ಕುತೂಹಲಕ್ಕೆ ಓದಲು ಕೂತೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಒಂದು ವಿಮರ್ಶಾ ಲೇಖನ ಈ ಮಾತ್ರೆಯನ್ನು ಹೊಗಳುತ್ತದೆ, ಇನ್ನೊಂದು ಹೆಚ್ಚೇನೂ ಪ್ರಯೋಜನವಿಲ್ಲ ಎನ್ನುತ್ತದೆ. ಇದು ಹೇಗೆ?

ಉತ್ತರ, ಔಷಧಶಾಸ್ತ್ರ ಅಧ್ಯಾಪಕಿ, ಮಂಗಳೂರು:
ಅಮ್ಮ ಹುಷಾರಾದರಲ್ಲ, ಒಳ್ಳೆಯದಾಯಿತು. ಬರೆದವರಿಗೆ ಯಾರ ಹಣ ಬಂದಿದೆ ಎಂದು ನೋಡಿದಿರಾ? ಅದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಈ ಜಾತಿಯ ಫ್ಲೂ ಔಷಧಿಗಳ ಬಗ್ಗೆ ಬಂದ 26 ವಿಮರ್ಶೆಗಳನ್ನು 2014ರಲ್ಲಿ ಕೆಲವು ಸಂಶೋಧಕರು ಪರಿಶೀಲಿಸಿದರು. ಕೆಲವು ವಿಮರ್ಶೆಗಳಲ್ಲಿ ಒಂದಕ್ಕಿಂತ ಹೆಚ್ಚು ತೀರ್ಮಾನಗಳಿದ್ದವು, ಒಟ್ಟು 37. ಔಷಧ ಕಂಪನಿಗಳ ಹಣದ ನಂಟಿದ್ದವರ 8 ತೀರ್ಮಾನಗಳಲ್ಲಿ 7 ಔಷಧಿಯ ಪರ. ನಂಟಿಲ್ಲದವರ 29ರಲ್ಲಿ ಪರ ಇದ್ದದ್ದು 5 ಮಾತ್ರ.

ಇದಕ್ಕೆ ಸುಳ್ಳು ಬರೆಯಬೇಕೆಂದೇನಿಲ್ಲ ಮಾರಾಯ್ರೆ. ಬುಟ್ಟಿಯ ಮೇಲೆ ಹೊಳೆಯುವ ಬಂಗುಡೆ ಇಟ್ಟು ನಿನ್ನೆಯದನ್ನು ಕೆಳಗೆ ಹಾಕಿದರೆ, ಕಾಣುವ ಮೀನು ತಾಜಾವೇ ಅಲ್ವಾ? ಯಾವ ಪ್ರಯೋಗ ಸೇರಿಸುವುದು, ಯಾವುದನ್ನು ಬಿಡುವುದು, ಜ್ವರ ಇಳಿದ ಲೆಕ್ಕ ಮುಂದಿಡುವುದೋ ವಾಂತಿಯದ್ದೋ, ಎಲ್ಲ ಬರೆಯುವವರ ಕೈಯಲ್ಲಿದೆ. ಕೊನೆಯ ಪ್ಯಾರಾದ ಪದಗಳೂ ಅಷ್ಟೇ. ವೈದ್ಯರು ಜಾಸ್ತಿ ಓದುವುದು ಅದನ್ನೇ.

ಟ್ಯಾಮಿಫ್ಲೂ ಕತೆಯನ್ನೇ ನೋಡಿ. ತೊಂದರೆಗಳು, ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ ಎಂದು 2003ರಲ್ಲಿ ಒಂದು ಲೇಖನ ಬಂತು. ಅದು 10 ಪ್ರಯೋಗಗಳನ್ನು ಒಟ್ಟು ಸೇರಿಸಿತ್ತು. ಪ್ರಕಟವಾಗಿದ್ದದ್ದು ಎರಡೇ! ಹಣ ಕೊಟ್ಟದ್ದು ಮಾತ್ರೆ ಮಾಡುವ ರೋಶ್ ಕಂಪನಿ. ಚಿಕಿತ್ಸೆಗಳ ಪುರಾವೆಯನ್ನು ಸ್ವತಂತ್ರವಾಗಿ ತೂಗುವ ಕಾಕ್ರೇನ್ ಸಂಸ್ಥೆಯ ತಂಡ ವರ್ಷಗಟ್ಟಲೆ ಬೆನ್ನುಹತ್ತಿ ಪ್ರಯೋಗಗಳ ಪೂರ್ತಿ ದಾಖಲೆ ಪಡೆಯಿತು. 2014ರ ಅವರ ಲೆಕ್ಕದಲ್ಲಿ ದೊಡ್ಡವರ ಲಕ್ಷಣಗಳು 7 ದಿನದ ಬದಲು 6.3 ದಿನಕ್ಕೆ ಇಳಿದವು. ಆಸ್ಪತ್ರೆ ಸೇರುವುದು ತಪ್ಪುತ್ತದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ, ವಾಂತಿ ಹೆಚ್ಚಿತ್ತು.

ಮರುಪ್ರಶ್ನೆ:
ಹಾಗಾದರೆ ಕಂಪನಿ ಹಣ ಪಡೆದವರು ಬರೆದದ್ದೆಲ್ಲ ಕಸವಾ? ನಮ್ಮ ಭಾವ ಮೆಡಿಕಲ್ ರೆಪ್, ಹೇಳಿದರೆ ಜಗಳ ಗ್ಯಾರಂಟಿ! ಮತ್ತೆ, ಹೊಗಳಿದ ಲೇಖನದಲ್ಲಿ ಹಣದ ವಿಷಯವೇ ಇಲ್ಲ.

ಉತ್ತರ:
ಕಸವಲ್ಲ. ಭಾವನ ಜೊತೆ ಜಗಳ ಬೇಡ. ಅಂಥದ್ದನ್ನು ಓದುವಾಗ ಬಿಟ್ಟುಹೋದ ಪ್ರಯೋಗಗಳನ್ನು ಹುಡುಕಬೇಕು, ಅಷ್ಟೇ. ಹಣದ ವಿಷಯ ಬರೆದಿಲ್ಲ ಅಂದರೆ ಹಣ ಬಂದಿಲ್ಲ ಎಂದಲ್ಲ. ಲೇಖಕರ ಹೆಸರು ಹಿಡಿದು, ಅವರು ಅದೇ ವರ್ಷಗಳಲ್ಲಿ ಬರೆದ ಬೇರೆ ಲೇಖನಗಳ ಕೊನೆ ನೋಡಿ. ಒಂದು ಕಡೆ ಮುಚ್ಚಿದ್ದು ಇನ್ನೊಂದು ಕಡೆ ಬರೆದಿರಬಹುದು.

ಒಂದು ಮಾತು. ಇದನ್ನು ಓದಿ ವೈದ್ಯರು ಕೊಟ್ಟ ಮಾತ್ರೆಯನ್ನು ಯಾರೂ ಅರ್ಧಕ್ಕೆ ಬಿಡಬೇಡಿ. ಫ್ಲೂ ಮಾತ್ರೆಯನ್ನು ಲಕ್ಷಣ ಶುರುವಾದ 48 ಗಂಟೆಯೊಳಗೆ ತೆಗೆದುಕೊಂಡರೇ ಜಾಸ್ತಿ ಉಪಯೋಗ. ಅನುಮಾನವಿದ್ದರೆ ಚೀಟಿ ಬರೆಯುವಾಗಲೇ ಕೇಳಿ.