ಎ-ಲೆವೆಲ್‌ನಲ್ಲಿ ಟೆಕ್ಸ್‌ಟೈಲ್ ಡಿಸೈನ್ ತಗೋಬಹುದಾ?

ರೀಡಿಂಗ್ ಅಮ್ಮ:
ನಾವಿರೋದು ಇಂಗ್ಲೆಂಡ್‌ನಲ್ಲಿ, ಮಗಳು ಇಯರ್ 11. ಸಿಕ್ಸ್ತ್ ಫಾರ್ಮ್‌ಗೆ (ನಮ್ಮ ಪಿಯುಸಿ ಥರದ ಎರಡು ವರ್ಷ, ಕೊನೆಗೆ ಎ-ಲೆವೆಲ್ ಪರೀಕ್ಷೆ) ಮ್ಯಾಥ್ಸ್, ಕೆಮಿಸ್ಟ್ರಿ ಜೊತೆ ಟೆಕ್ಸ್‌ಟೈಲ್ ಡಿಸೈನ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ. ಅವರಪ್ಪನಿಗೆ ಇದು ಬರೀ ಹೊಲಿಗೆ ಕ್ಲಾಸ್ ಅನ್ನಿಸಿದೆ. ಪರೀಕ್ಷೆ ಹೇಗಿರುತ್ತೆ? ಅಜ್ಜಿಯ ಇಳಕಲ್ ಸೀರೆ ಮೇಲೆ ಪ್ರಾಜೆಕ್ಟ್ ಮಾಡ್ತೀನಿ ಅಂತಾಳೆ. ನಡೆಯುತ್ತಾ?

ಲೀಡ್ಸ್ ಟೀಚರ್:
ಖಂಡಿತ ನಡೆಯುತ್ತೆ. ನಾನು ಇದೇ ವಿಷಯ ಪಾಠ ಮಾಡ್ತೀನಿ. ಮೊದಲು ಕಾಲೇಜಿನವರು ಯಾವ ಕೋರ್ಸ್ ಕೊಡ್ತಾರೆ ಕೇಳಿ. 'ಆರ್ಟ್ ಅಂಡ್ ಡಿಸೈನ್'ನ ಟೆಕ್ಸ್‌ಟೈಲ್ ಡಿಸೈನ್ ಬೇರೆ, 'ಡಿಸೈನ್ ಅಂಡ್ ಟೆಕ್ನಾಲಜಿ'ಯ ಫ್ಯಾಷನ್ ಅಂಡ್ ಟೆಕ್ಸ್‌ಟೈಲ್ಸ್ ಬೇರೆ. ಎರಡನೆಯದರಲ್ಲಿ ಬರವಣಿಗೆಯ ಪರೀಕ್ಷೆ ಇದೆ, ಮೊದಲನೆಯದರಲ್ಲಿ ಇಲ್ಲ.

ಮೊದಲನೆಯದು, ಎಕ್ಯೂಎ ಅನ್ನೋ ಪರೀಕ್ಷಾ ಬೋರ್ಡ್‌ದು ಆದರೆ, 60% ಅಂಕ ಅವಳೇ ಆರಿಸಿಕೊಂಡ ವಿಷಯದ ಪ್ರಾಜೆಕ್ಟ್‌ಗೆ. ಅದರ ಜೊತೆ 1000ದಿಂದ 3000 ಪದಗಳ ಬರಹವೂ ಬೇಕು. ಉಳಿದ 40%ಗೆ ಎರಡನೇ ವರ್ಷ ಫೆಬ್ರವರಿ 1ರಿಂದ ಬೋರ್ಡಿನ ಪ್ರಶ್ನೆಪತ್ರಿಕೆ ಸಿಗುತ್ತೆ. ಒಂದು ಪ್ರಶ್ನೆ ಆರಿಸಿಕೊಂಡು ವಾರಗಟ್ಟಲೆ ತಯಾರಿ ಮಾಡಿ, ಕೊನೆಗೆ ಒಟ್ಟು 15 ಗಂಟೆ ಮೇಲ್ವಿಚಾರಣೆಯಲ್ಲಿ ಕೂತು ಕೆಲಸ ಮಾಡ್ಬೇಕು.

ಇನ್ನು ಸೀರೆ. ಸೀರೆಯ ಫೋಟೋ ಅಂಟಿಸಿ ಪಕ್ಕದಲ್ಲಿ 'ನಮ್ಮ ಸಂಸ್ಕೃತಿ' ಅಂತ ಬರೆದರೆ ಸಾಲದು. ಅದನ್ನು ಮೇಜಿನ ಮೇಲೆ ಹರಡಿ, ಸೆರಗು ಶುರುವಾಗೋ ಜಾಗ ನೋಡಲಿ. ಒಡಲಿನ ಹಾಸೇ (ಮಗ್ಗದ ಉದ್ದೆಳೆಗಳೇ) ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸಿರ್ತಾರೆ. ಆ ಜೋಡಣೆಯನ್ನು ದೊಡ್ಡದಾಗಿ ಪೆನ್ಸಿಲ್‌ನಲ್ಲಿ ಬರೆಯಲಿ. ಆಮೇಲೆ ದಪ್ಪ ಉಣ್ಣೆಯಲ್ಲಿ, ತಂತಿಯಲ್ಲಿ, ಸೀಳಿದ ಕಾಗದದಲ್ಲಿ ಅದನ್ನೇ ಮಾಡಿ ನೋಡಲಿ. ಕಸೂತಿ ಇದ್ದರೆ ಇನ್ನೂ ಒಳ್ಳೇದು. ಕಸೂತಿಯ ಗವಂತಿ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಕಾಣುತ್ತೆ, ಗಂಟು ಹಾಕೋದಿಲ್ಲ. ಹಾಗಾದರೆ ದಾರ ಎಲ್ಲಿಂದ ಶುರುವಾಗಿ ಎಲ್ಲಿಂದ ವಾಪಸ್ ಬರುತ್ತೆ? ಇದನ್ನು ಕೈಯಾರೆ ಹೊಲಿದು ಕಂಡುಕೊಳ್ಳೋದೇ ಈ ಕೋರ್ಸ್.

ಸರಿಬರದ ಸ್ಯಾಂಪಲ್ ಎಸೆಯೋಕೆ ಬಿಡಬೇಡಿ. ಯಾಕೆ ಕೈಕೊಟ್ಟಿತು, ಮುಂದೇನು ಬದಲಾಯಿಸಿದೆ ಅಂತ ಪಕ್ಕದಲ್ಲೇ ಬರೆಯಲಿ. ಕೊನೆಯ ಬಟ್ಟೆಯಷ್ಟೇ ಈ ಹಾದಿಗೂ ಅಂಕ ಇದೆ.

ಹ್ಯಾರೋ ಅಪ್ಪ:
ನನ್ನ ಮಗ ಫಿಸಿಕ್ಸ್ ಜೊತೆ ಇದನ್ನು ತಗೊಂಡಿದ್ದ. ಹೊರೆ ಜಾಸ್ತಿನೇ, ಸುಮ್ನೆ ಹೇಳ್ತಿಲ್ಲ. ಸ್ಕೆಚ್‌ಬುಕ್ ವಾರವಾರ ತುಂಬಬೇಕು, ಕೊನೇ ತಿಂಗಳು ಕೂತು ಮುಗಿಸೋಕಾಗಲ್ಲ. ಆಮೇಲೆ ಒಂದು ವರ್ಷ ಆರ್ಟ್ ಫೌಂಡೇಶನ್ (ಡಿಗ್ರಿಗೆ ಮುಂಚಿನ ಕಲಾ ಕೋರ್ಸ್) ಮಾಡಿದ. ಇಂಗ್ಲೆಂಡ್‌ನಲ್ಲಿ 19 ತುಂಬದ ಮಕ್ಕಳಿಗೆ ಸರ್ಕಾರಿ ನೆರವಿನ ಕಾಲೇಜಿನಲ್ಲಿ ಸಾಮಾನ್ಯವಾಗಿ ಇದಕ್ಕೆ ಫೀಸ್ ಇರಲ್ಲ. ಆ ವರ್ಷವೇ ಅವನಿಗೆ ನೇಯ್ಗೆ ಬೇಕಾ, ಪ್ರಿಂಟ್ ಬೇಕಾ ಅನ್ನೋದು ಸ್ಪಷ್ಟವಾಯ್ತು.

ರೀಡಿಂಗ್ ಅಮ್ಮ:
ತುಂಬಾ ಥ್ಯಾಂಕ್ಸ್. ಹಳೇ ಬಟ್ಟೆಗಳನ್ನು ಹತ್ತಿರದಿಂದ ನೋಡೋಕೆ ಎಲ್ಲಿ ಕರ್ಕೊಂಡು ಹೋಗಲಿ?

ಲೀಡ್ಸ್ ಟೀಚರ್:
ಲಂಡನ್‌ನ ಕ್ವೀನ್ ಎಲಿಜಬೆತ್ ಒಲಿಂಪಿಕ್ ಪಾರ್ಕ್‌ನಲ್ಲಿ 2025ರಲ್ಲಿ ತೆರೆದ ವಿ ಅಂಡ್ ಎ ಈಸ್ಟ್ ಸ್ಟೋರ್‌ಹೌಸ್‌ಗೆ (ವಿ ಅಂಡ್ ಎ ಮ್ಯೂಸಿಯಂನ ಸಂಗ್ರಹಾಗಾರ) ಹೋಗಿ. ಪ್ರವೇಶ ಉಚಿತ. ಬೇಕಾದ ವಸ್ತುವನ್ನು ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿದರೆ ತೆಗೆದು ತೋರಿಸ್ತಾರೆ. ಮಗಳೇ ಹುಡುಕಿ ಬುಕ್ ಮಾಡಲಿ. ಪೆನ್ಸಿಲ್ ಮರೆಯಬೇಡಿ. ಸಾಧ್ಯವಾದರೆ ಅವರಪ್ಪನೇ ಕರ್ಕೊಂಡು ಹೋಗಲಿ.