ಅಕ್ಕಿ ಗಿರಣಿಯ ಕಚೇರಿಗೆ ಸರ್ವರ್ ರ್ಯಾಕ್: 12 ಯು ಸಾಕೇ, 42 ಯು ಬೇಕೇ?

ಗಿರಣಿ ಲೆಕ್ಕ, ತುಮಕೂರು

ನಮಸ್ಕಾರ. ಅಂತರಸನಹಳ್ಳಿ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುವವಳು ನಾನು. ಕಂಪ್ಯೂಟರ್‌ಗಳ ಹೊಣೆಯೂ ನನ್ನದೇ. ಕಳೆದ ಏಪ್ರಿಲ್‌ನಲ್ಲಿ ಮೇಜಿನ ಕೆಳಗಿದ್ದ ಸರ್ವರ್ ತೌಡಿನ ಧೂಳು ತುಂಬಿ, ಕಾದು, ನಡು ಮಧ್ಯಾಹ್ನ ನಿಂತುಹೋಯಿತು. ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿದ್ದವು. ಕತ್ತಲಾಗುವವರೆಗೆ ತೂಕದ ಚೀಟಿಗಳನ್ನು ಕೈಯಲ್ಲೇ ಬರೆದುಕೊಟ್ಟೆ. ಅಂಥ ದಿನ ಇನ್ನೊಮ್ಮೆ ಬರಬಾರದೆಂದು ಮಾಲೀಕರನ್ನು ಒಪ್ಪಿಸಿ, ಮಹಡಿಯ ಮೇಲೆ 10 ಅಡಿಗೆ 12 ಅಡಿಯ ಕೋಣೆಯೊಂದನ್ನು ಬಿಡಿಸಿಕೊಂಡಿದ್ದೇನೆ.

ಅಲ್ಲಿಗೆ ರ್ಯಾಕ್, ಅಂದರೆ ಯಂತ್ರಗಳನ್ನು ಒಂದರ ಮೇಲೊಂದು ಕೂರಿಸುವ ಪೆಟ್ಟಿಗೆ, ತರಬೇಕು. ಅದರ ಎತ್ತರವನ್ನು ‘ಯು’ ಲೆಕ್ಕದಲ್ಲಿ ಹೇಳುತ್ತಾರೆ. ಅದರಲ್ಲಿ ಇಡಬೇಕಾದದ್ದು ಹೊಸ 2 ಯು ಸರ್ವರ್, ಕ್ಯಾಮೆರಾಗಳ ರೆಕಾರ್ಡರ್, ಕಂಪ್ಯೂಟರ್‌ಗಳನ್ನು ಜೋಡಿಸುವ 24 ಪೋರ್ಟಿನ ನೆಟ್‌ವರ್ಕ್ ಸ್ವಿಚ್, ಅದರ ತಂತಿಗಳು ಬಂದು ಸೇರುವ ಪ್ಯಾಚ್ ಪ್ಯಾನೆಲ್, ಮೋಡೆಮ್ ಮತ್ತು 3 ಕೆವಿಎ ಯುಪಿಎಸ್. ಗೋಡೆಗೆ ಹಾಕುವ 12 ಯು ರ್ಯಾಕ್ ಸಾಕು ಎನ್ನುತ್ತಾರೆ ಅಂಗಡಿಯವರು. ಮುಂದಕ್ಕೂ ಆಗುತ್ತದೆ, 42 ಯು ತರೋಣ ಎನ್ನುತ್ತಾರೆ ಮಾಲೀಕರ ಮಗ. ಯಾರ ಮಾತು ಕೇಳಲಿ?

ನಿವೃತ್ತ ದೂರವಾಣಿ ತಂತ್ರಜ್ಞ, ಕ್ಯಾತ್ಸಂದ್ರ

ಇಬ್ಬರೂ ಎತ್ತರವನ್ನಷ್ಟೇ ಲೆಕ್ಕ ಹಾಕಿದ್ದಾರಮ್ಮ. ನೀವು ಮೊದಲು ಆಳ ನೋಡಿ. 2 ಯು ಸರ್ವರ್‌ಗಳು ಸಾಮಾನ್ಯವಾಗಿ 70 ಸೆಂಟಿಮೀಟರ್‌ಗಿಂತ ಉದ್ದವಿರುತ್ತವೆ. ಹಿಂದೆ ತಂತಿಗಳು ಬಾಗಲು ಇನ್ನೊಂದು ಗೇಣು ಬೇಕು. ಗೋಡೆಯ ರ್ಯಾಕ್ ಸಾಮಾನ್ಯವಾಗಿ 45ರಿಂದ 60 ಸೆಂಟಿಮೀಟರ್ ಆಳದ್ದು. ಸರ್ವರ್ ಒಳಗೆ ಹೋಗುವುದೇ ಇಲ್ಲ. ಹೋದರೂ ಅಷ್ಟು ಭಾರವನ್ನು ಗೋಡೆಗೆ ತೂಗುಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ.

ಒಂದು ಯು ಎಂದರೆ 44.45 ಮಿಲಿಮೀಟರ್ ಎತ್ತರ. ನಿಮ್ಮ ಸಾಮಾನು, ಮೋಡೆಮ್‌ಗೆ ಒಂದು ಶೆಲ್ಫ್, ತಂತಿ ಓರಣಕ್ಕೆ ಒಂದು ಯು, ಎಲ್ಲ ಕೂಡಿದರೂ ಹನ್ನೆರಡರ ಆಸುಪಾಸು. ಆದ್ದರಿಂದ ನೆಲದ ಮೇಲೆ ನಿಲ್ಲುವ 24 ಯು ಸಾಕು. ಅರ್ಧ ಖಾಲಿ ಉಳಿಯುತ್ತದೆ. ಅಗಲ 600, ಆಳ 1000 ಮಿಲಿಮೀಟರ್‌ನದನ್ನೇ ಕೇಳಿ. 42 ಯು ಸುಮಾರು ಎರಡು ಮೀಟರ್ ಎತ್ತರದ ಪೆಟ್ಟಿಗೆ. ಅದು ನಿಮ್ಮ ಮೆಟ್ಟಿಲಿನ ತಿರುವಿನಲ್ಲಿ ಹೊರಳುತ್ತದೆಯೇ ಎಂದು ಮಾಲೀಕರ ಮಗನನ್ನೇ ಕೇಳಿ ನೋಡಿ.

ಮುಂದೆ ಒಂದು ಮೀಟರ್ ಬಿಡಿ, ಸರ್ವರ್ ಹೊರಗೆಳೆಯಲು ಬೇಕು. ಹಿಂದೆ ಮುಕ್ಕಾಲು ಮೀಟರ್, ಮನುಷ್ಯ ನಿಂತು ಕೆಲಸ ಮಾಡಲು. ಹತ್ತು ಅಡಿಯಲ್ಲಿ ಇಷ್ಟೂ ಹಿಡಿಯುತ್ತದೆ. ಯುಪಿಎಸ್ ತಳದಲ್ಲಿ, ಅದರ ಮೇಲೆ ಸರ್ವರ್, ಹಗುರವಾದವು ಮೇಲೆ. ಭಾರವೆಲ್ಲ ಮೇಲಿದ್ದರೆ ಸರ್ವರ್ ಎಳೆದಾಗ ರ್ಯಾಕ್ ಮುಗ್ಗರಿಸುತ್ತದೆ. ಚಕ್ರಗಳು ಸಾಗಿಸಲು ಮಾತ್ರ. ಜಾಗ ಗೊತ್ತಾದ ಮೇಲೆ ಕಾಲುಗಳನ್ನು ಇಳಿಸಿ ಮಟ್ಟ ನೋಡಿ. ಯುಪಿಎಸ್‌ನ ಬ್ಯಾಟರಿಗಳನ್ನು ರ್ಯಾಕಿನ ಹೊರಗೆ ಸ್ಟ್ಯಾಂಡ್ ಮೇಲಿಡಿ. ಬಿಸಿಯಲ್ಲಿ ಅವುಗಳ ಆಯುಸ್ಸು ಕರಗುತ್ತದೆ. ರ್ಯಾಕಿನ ಮೈಗೂ ಬಾಗಿಲಿಗೂ ಅರ್ಥಿಂಗ್ ತಂತಿ ಕಟ್ಟಿಸುವುದನ್ನು ಮರೆಯಬೇಡಿ.

ಗಿರಣಿ ಲೆಕ್ಕ, ತುಮಕೂರು

ಈಗಷ್ಟೇ ಅಳೆದೆ. ಸರ್ವರ್ 72 ಸೆಂಟಿಮೀಟರ್. 12 ಯು ತಂದಿದ್ದರೆ ದುಡ್ಡು ನೀರುಪಾಲಾಗುತ್ತಿತ್ತು, ಸರ್. ಬಾಗಿಲು ಗಾಜಿನದೋ ರಂಧ್ರಗಳದೋ? ತೌಡಿನ ಧೂಳಿಗೆ ಗಾಜೇ ಒಳ್ಳೆಯದು ಅನ್ನಿಸುತ್ತದೆ.

ಮಂಡಿ ಮನೆ, ಕೋಲಾರ

ನಮ್ಮ ಟೊಮೆಟೊ ಮಂಡಿಯಲ್ಲಿ ಹಾಗೆಂದೇ ಗಾಜಿನ ಬಾಗಿಲು ಹಾಕಿಸಿದೆವು, ಮೊದಲ ಬೇಸಿಗೆಯಲ್ಲೇ ತೆಗೆಸಿದೆವು. ಸರ್ವರ್ ಮುಂದಿನಿಂದ ತಂಪು ಗಾಳಿ ಎಳೆದು ಹಿಂದಕ್ಕೆ ಬಿಸಿ ಬಿಡುತ್ತದೆ. ಗಾಜು ಅದರ ಮೂಗು ಮುಚ್ಚಿದ ಹಾಗೆ. ಎರಡೂ ಕಡೆ ರಂಧ್ರದ ಬಾಗಿಲೇ ಇರಲಿ. ಧೂಳನ್ನು ತಡೆಯಬೇಕಾದದ್ದು ಕೋಣೆ. ಗಿರಣಿಯ ಕಡೆಯ ಕಿಟಕಿ ಮುಚ್ಚಿಸಿ, ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಎಸಿಯ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಸಿ. ಸರ್ವರ್ ಎಳೆದುಕೊಳ್ಳುವ ಗಾಳಿ 18ರಿಂದ 27 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ. ಖಾಲಿ ಯುಗಳಿಗೆ ಮುಚ್ಚುಪಟ್ಟಿ ಹಾಕಿ, ಇಲ್ಲದಿದ್ದರೆ ಹಿಂದಿನ ಬಿಸಿ ಸುತ್ತಿ ಮುಂದಕ್ಕೇ ಬರುತ್ತದೆ.

ಇನ್ನೊಂದು ವಿಷಯ, ಇಲಿ. ತಂತಿ ನುಗ್ಗಿಸುವ ತೂತಿಗೆ ಬ್ರಷ್ ಪಟ್ಟಿ ಇರುವ ರ್ಯಾಕನ್ನೇ ಕೇಳಿ, ಗೋಡೆಯ ತೂತುಗಳಿಗೆ ಸಿಮೆಂಟ್ ಮೆತ್ತಿಸಿ. ನಮ್ಮಲ್ಲಿ ಒಂದೇ ರಾತ್ರಿಯಲ್ಲಿ ಆರು ನೆಟ್‌ವರ್ಕ್ ತಂತಿಗಳನ್ನು ಕಡಿದಿದ್ದವು. ಅಕ್ಕಿ ಇರುವಲ್ಲಿ ಕೇಳಬೇಕೆ.

ಗಿರಣಿ ಲೆಕ್ಕ, ತುಮಕೂರು

24 ಯು, ಆಳ 1000, ರಂಧ್ರದ ಬಾಗಿಲು ಎಂದು ಬರೆದುಕೊಟ್ಟು ಬಂದೆ. ಮೆಟ್ಟಿಲಿನ ತಿರುವು ಅಳೆದು ತೋರಿಸಿದ ಮೇಲೆ ಮಾಲೀಕರ ಮಗನೂ ಒಪ್ಪಿದರು. ಕಿಟಕಿಗೆ ಗಾರೆಯವರು ಸೋಮವಾರ ಬರುತ್ತಾರೆ. ಇಬ್ಬರಿಗೂ ಕೈಮುಗಿಯುತ್ತೇನೆ.

ನಿವೃತ್ತ ದೂರವಾಣಿ ತಂತ್ರಜ್ಞ, ಕ್ಯಾತ್ಸಂದ್ರ

ಒಳ್ಳೆಯದಮ್ಮ. ಎಸಿಯನ್ನು ರ್ಯಾಕಿನ ನೇರ ಮೇಲಕ್ಕೆ ಹಾಕಿಸಬೇಡಿ, ನೀರು ತೊಟ್ಟಿಕ್ಕುತ್ತದೆ. ಎದುರು ಗೋಡೆಗೆ ಹಾಕಿಸಿ.